ಅವ್ವನ ಸುತ್ತಲಿನ ಹುಲ್ಲು

ಹತ್ತಿಮತ್ತೂರು
೧೨ ಜೂನ್ ೨೦೨೫

ಪ್ರೀತಿಯ ಅಪ್ಪಾ,

ಕಾಲಿನ ಪ್ಲಾಸ್ಟರ್ ತೆಗೆದರೇ? ಹಿರೇಕೆರೂರಿನಲ್ಲಿ ಶೈಲಕ್ಕ ನಿಮ್ಮನ್ನು ಹೊಸಿಲು ದಾಟಲು ಬಿಡುತ್ತಿಲ್ಲವಂತೆ, ಒಳ್ಳೆಯದೇ ಆಯಿತು. ಫೋನಿನಲ್ಲೇ ಹೇಳುತ್ತಿದ್ದೆ, ನಿಮಗೆ ಕೇಳುವಂತೆ ಕೂಗಿದರೆ ಇಡೀ ಓಣಿಗೆ ಕೇಳುತ್ತದೆ. ನಮ್ಮ ಗೌರಿ ಈದಿದ್ದಾಳೆ, ಹೆಣ್ಣುಕರು. ಥೇಟ್ ತಾಯಿಯ ಹಣೆ.

ಕರುವಿನ ತಾಯಿಗೆ ಮೇಯಲು ಹುಲ್ಲಿಲ್ಲ ಅಪ್ಪಾ. ತಮ್ಮ ಸುದೀಪ ಟ್ರ್ಯಾಕ್ಟರ್ ತರಿಸಿ ನಿಮ್ಮ ಹುಲ್ಲಿನ ಹೊಲಕ್ಕೆ ರಂಟೆ ಹೊಡೆಸಿ ಉತ್ತುಬಿಟ್ಟ. ಗೋವಿನಜೋಳ ಬಿತ್ತುತ್ತಾನಂತೆ. ಮೊದಲು ಕಲ್ಲು ಬಿಟ್ಟರೆ ಏನೂ ಬೆಳೆಯದ ಹೊಲ ಅದು. ನೀವು ಅದನ್ನು ತುಂಡು ತುಂಡಾಗಿ ಬೇಲಿ ಕಟ್ಟಿ, ಒಂದರಲ್ಲಿ ಮೇಯಿಸಿ ಉಳಿದವನ್ನು ಸುಮ್ಮನೆ ಬಿಡುತ್ತಿದ್ದಿರಿ. ‘ಬಾಣಂತಿ ಇದ್ದಂಗ ಐತಿ, ಮುಟ್ಟಬ್ಯಾಡ್ರಿ’ ಎಂದು ದನ ಹೊಡೆದುಕೊಂಡು ಬಂದವರನ್ನು ಗದರಿಸುತ್ತಿದ್ದಿರಿ. ‘ನಾಗಪ್ಪ ಹುಲ್ಲಿಗೆ ಕಾವಲು ಕುಂತಾನ’ ಎಂದು ಊರು ನಕ್ಕಿತು. ಬೇರು ಆಳಕ್ಕಿಳಿದು ಮಣ್ಣು ಕಪ್ಪಗೆ, ಮೆತ್ತಗೆ ಆದ ಮೇಲೆ ನಗು ನಿಂತಿತು. ಗಾಳಿಯಲ್ಲಿನ ಕಾರ್ಬನ್ ಈ ಮಣ್ಣಿನಲ್ಲಿ ಕೂತಿದೆ, ನೇಗಿಲು ಹಾಕದಿದ್ದರೆ ಸಾಕು, ವರ್ಷವರ್ಷ ಹಣ ಕೊಡುತ್ತೇವೆ ಎಂದು ಕಂಪನಿಯವರೇ ಮನೆಗೆ ಬಂದರು.

ಆ ಕಪ್ಪು ಮಣ್ಣೇ ನಮಗೆ ಮುಳುವಾಯಿತು. ‘ಇಂಥಾ ಚಲೋ ಮಣ್ಣು ದನಕ್ಕ ಯಾಕ ಬಿಡೂದು?’ ಎಂದ ಸುದೀಪ. ಅಡ್ಡ ಹೋದೆ. ‘ನಾಳೆ ಲಗ್ನಾಗಿ ಹೋಗಾಕಿ ನೀ, ಹೊಲದ ಉಸಾಬರಿ ನಿನಗ್ಯಾಕ?’ ಎಂದ. ನೀವು ಹೊಲ ಕೆಟ್ಟದ್ದಾಗಿಯೇ ಬಿಟ್ಟಿದ್ದರೆ ಇವನು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ ಅಪ್ಪಾ. ನಿಮ್ಮ ಮೇಲೂ ಸಿಟ್ಟಿದೆ. ಆ ಬೇಲಿಯ ಗೂಟ ನೆಡಲು ನಾನು ಬೇಕಿತ್ತು, ಹೊಲ ನೋಡಿಕೋ ಎಂದು ಹೇಳಿ ಹೋದದ್ದು ಅವನಿಗೆ.

ಹೊಲದಲ್ಲಿ ಅವ್ವನ ಸಮಾಧಿಯ ಸುತ್ತ ಮಾತ್ರ ಒಂದಿಷ್ಟು ಹುಲ್ಲು ಉಳಿದಿದೆ. ಅಷ್ಟಾದರೂ ಭಯಭಕ್ತಿ ಇದೆಯಲ್ಲ ಎಂದುಕೊಂಡೆ.

ಭಾವನವರಿಗೆ ನಮಸ್ಕಾರ, ಅಕ್ಕನ ಮಕ್ಕಳಿಗೆ ಮುದ್ದು. ನಿಮ್ಮ ಎರಡೂ ಕಾಲಿಗೆ, ಪ್ಲಾಸ್ಟರಿನದಕ್ಕೂ ಸೇರಿಸಿ, ನಮಸ್ಕಾರ.

ನಿಮ್ಮ
ಸುಧಾರಾಣಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಪರೀಕ್ಷೆಗೆ ಮಣ್ಣು ನೀವೇ ಕಳಿಸಿ ಎಂದು ಕಂಪನಿಯವರು ಸುದೀಪನಿಗೆ ಹೇಳಿದ್ದರಂತೆ. ಉತ್ತ ಹೊಲದ ಮಣ್ಣು ಪಾಸಾಗದೆಂದು ಅವನು ಅವ್ವನ ತಲೆಯ ಹತ್ತಿರ ಸಲಿಕೆ ಹಾಕಿ ಆ ಮಣ್ಣನ್ನೇ ಚೀಲಕ್ಕೆ ತುಂಬಿ ಕಳಿಸಿದ್ದಾನೆ. ನಾನು ಕಣ್ಣಾರೆ ಗುಂಡಿ ನೋಡಿ ಬಂದೆ. ಬರುವ ವಾರ ನಿಮಗೆ ತಿನ್ನಲು ಸವಣೂರಿನ ಖಾರದ ಪೊಟ್ಟಣ ಕಟ್ಟಿಸಿಕೊಂಡು ‘ಅಪ್ಪಾ, ನಿನ್ನ ಮಣ್ಣು ಪಾಸಾತು’ ಎನ್ನಲು ಅಲ್ಲಿಗೇ ಬರುತ್ತಿದ್ದಾನೆ. ಯಾವ ಮಣ್ಣು ಎಂದು ಕೇಳಿ. ಅವನು ಬಾಯಿಬಿಟ್ಟು ಹೇಳುವವರೆಗೆ ಪೊಟ್ಟಣ ಬಿಚ್ಚಬೇಡಿ.