ಅಜ್ಜಿಯ ಮೂವತ್ತನಾಲ್ಕು, ನನ್ನ ಸೊನ್ನೆ

ಮೀಲೊಸ್, ಆಗಸ್ಟ್ ೨೮

ಆ ಅಜ್ಜಿಯ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಭಾವನ ಕ್ಯಾಟಮರಾನ್ ದೋಣಿಯನ್ನು ಇವತ್ತು ಥೆಸಲೊನೀಕಿಯ ಒಂದೇ ಮನೆಯವರು ಇಡಿಯಾಗಿ ಬಾಡಿಗೆಗೆ ಹಿಡಿದಿದ್ದರು. ಕಡಲಂಚಿನ ಗುಹೆಗಳ ಹತ್ತಿರ ಭಾವ ಲಂಗರು ಹಾಕಿದ್ದೇ ತಡ, ಎಲ್ಲರೂ ಗಾಜಿನ ಮಾಸ್ಕು, ಉಸಿರಿನ ಕೊಳವೆ ಹಾಕಿಕೊಂಡು ನೀರಿಗೆ ಬಿದ್ದರು. ನಾನು ಟೊಮೆಟೊ ಹೆಚ್ಚುತ್ತಿದ್ದೆ. ಆ ಮನೆಯ ಅಜ್ಜಿ ಏಣಿ ಹತ್ತಿ ಬಂದು, ಮೈಯಿಂದ ನೀರು ಸುರಿಯುತ್ತಿದ್ದಂತೆಯೇ, "ಮೂವತ್ತನಾಲ್ಕು" ಅಂದರು. ಈ ಬೇಸಿಗೆಯಲ್ಲಿ ಎಷ್ಟು ಸಲ ಕಡಲಿಗಿಳಿದರೆಂಬ ಲೆಕ್ಕ. ನಮ್ಮ ಗ್ರೀಸಿನಲ್ಲಿ ಯಾರು ಇಡುವುದಿಲ್ಲ ಅದನ್ನು?

"ನಿಂದೆಷ್ಟಮ್ಮ?"

"ನಾನು ಅಡುಗೆಯವಳು, ಅಜ್ಜಿ."

"ನಾನು ಅದನ್ನ ಕೇಳ್ಲಿಲ್ವಲ್ಲ."

ಸೊನ್ನೆ. ಮೇ ತಿಂಗಳಿಂದ ದಿನವೂ ಕಡಲ ಮೇಲೇ ಇದ್ದೇನೆ. ಅವರು ಈಜುವಾಗ ನನಗೆ ಒಲೆ, ಅವರು ಉಂಡಾದ ಮೇಲೆ ಪಾತ್ರೆ.

ದಡಕ್ಕೆ ಬಂದಾಗ ಫೋನಿನಲ್ಲಿ ಅಮ್ಮನೂ ಅದನ್ನೇ ಕೇಳಿದಳು. ಇಪ್ಪತ್ತು ಎಂದೆ.

"ತಲೆ ಮುಳುಗಿಸಿದ್ಯಾ? ಇಲ್ದಿದ್ರೆ ಲೆಕ್ಕಕ್ಕಿಲ್ಲ, ನೋಡು."

ನನಗೆ ಆರು ವರ್ಷವಿದ್ದಾಗಲೂ ಹೀಗೇ ಅನ್ನುತ್ತಿದ್ದಳು. ಆಗ ನನ್ನ ನೆತ್ತಿಯ ಮೇಲೆ ಅವಳ ಕೈ ಇರುತ್ತಿತ್ತು.

ಫೋನಿಟ್ಟು, ಅವರ ಮಾಸ್ಕುಗಳನ್ನು ಸಿಹಿನೀರಿನಲ್ಲಿ ತೊಳೆಯಲು ಕೂತೆ. ಒಂದರೊಳಗೆ ಅಂಗೈಯಷ್ಟು ಕಡಲು ಉಳಿದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಬಗ್ಗಿ, ಅದರಲ್ಲಿ ಮುಖವಿಟ್ಟು, ಕಣ್ಣು ಬಿಟ್ಟೆ. ಉರಿಯಿತು. ಆದರೂ ಸ್ವಲ್ಪ ಹೊತ್ತು ಹಾಗೇ ಇದ್ದೆ.

ನೆತ್ತಿ ಮಾತ್ರ ಒಣಗಿಯೇ ಇತ್ತು. ಅಮ್ಮ ಇದನ್ನು ಒಪ್ಪುವುದಿಲ್ಲ.