ಮಾತಾಡಸಾಕ ಬರಬ್ಯಾಡ್ರಿ

ವಿಷಯ: ಈರಯ್ಯ ಮಠಪತಿಯವರ ನಿಧನ

ಗೌರೀಶ ಸರ್ ಅವರಿಗೆ ಸಂಪಗಾಂವದಿಂದ ಈರಯ್ಯನವರ ಮಗಳು ಅನ್ನಪೂರ್ಣಾಳ ಶರಣು.

ಈ ಸಲ ವಿಷಯ ಏನೆಂದು ಮೇಲೆಯೇ ಬರೆದಿದ್ದೇನೆ. ಹೋದ ವಾರದ ಪತ್ರದಲ್ಲಿ ಹಾಗೆ ಬರೆದಿರಲಿಲ್ಲ. ನೀವು ನಡೆಸುವ ಶಾಸನಾಸಕ್ತರ ಇಮೇಲ್ ಬಳಗದಲ್ಲಿ, ಉಗರಗೋಳದ ಕಲ್ಲಿನ ಬಗ್ಗೆ ನೀವು ಅಪ್ಪನಿಗೆ ಕೇಳಿದ್ದ ಪ್ರಶ್ನೆಯ ಕೆಳಗೇ, ಅಪ್ಪ ತೀರಿಕೊಂಡರು ಎಂದು ತಿಳಿಸಿದ್ದೆ. ನೀವು ಅದನ್ನು ಬಳಗಕ್ಕೆ ಹೋಗದಂತೆ ತಡೆಹಿಡಿದು, "ಚರ್ಚೆಯ ನಡುವೆ ಮನೆಯ ವಿಷಯ ತರಬಾರದು, ಶಿಷ್ಟಾಚಾರ ಪಾಲಿಸಿ" ಎಂದು ಉತ್ತರಿಸಿದಿರಿ. ಪೂರ್ತಿ ಓದಿದ್ದಿರೋ ಇಲ್ಲವೋ, ನಾನು ಕೇಳುವುದಿಲ್ಲ.

ಮರುದಿನ ಬಳಗದ ಎಲ್ಲರಿಗೂ ನೀವೇ ಬರೆದಿರಿ: "ಈರಯ್ಯನವರು ಸುಮ್ಮನಾದ್ರಂದ್ರ ಸೋತಂಗ ಆತು." ನಾಲ್ಕಾರು ಜನ ನಕ್ಕರು. ಅದು ವಿಷಯ ಬಿಟ್ಟು ಹೋಗಿರಲಿಲ್ಲ, ಹಾಗಾಗಿ ಶಿಷ್ಟಾಚಾರಕ್ಕೆ ಧಕ್ಕೆಯಾಗಲಿಲ್ಲ.

ಈ ಪತ್ರವನ್ನು ಇದ್ದ ಹಾಗೆಯೇ ಬಳಗಕ್ಕೆ ಹಾಕಿರಿ. ಆಮೇಲೆ ಬಳಗದ ಪಟ್ಟಿಯಿಂದ ಅಪ್ಪನ ಹೆಸರು ತೆಗೆದುಬಿಡಿ. ಅವರ ಫೋನ್ ಸಪ್ಪಳ ಮಾಡಿದಾಗಲೆಲ್ಲ ಅವ್ವ, "ಅವರ ಶಾಸನದ್ದ ಬಂತೇನ, ನೋಡವಾ" ಎನ್ನುತ್ತಾಳೆ.

ಇನ್ನೊಂದು. ಸುದ್ದಿ ತಿಳಿಯಿತೆಂದು ಸವದತ್ತಿಯಿಂದ ನಮ್ಮನ್ನು ಮಾತಾಡಿಸಲು ಬರಬೇಡಿ. ಜಗಳ ಇದ್ದವರೂ ಸತ್ತವರ ಮನೆಗೆ ಬಂದು ಮಾತಾಡಿಸಿ ಹೋಗುವುದು ನಮ್ಮ ಕಡೆಯ ರೂಢಿ, ನಿಮಗೂ ಗೊತ್ತು. ನೀವು ಬಂದರೆ ಅವ್ವ ಸೆರಗು ಹೊದ್ದು "ಬರ್ರಿ, ಕೂಡ್ರಿ" ಎನ್ನುತ್ತಾಳೆ, ಅಳುತ್ತಲೇ ಚಹಾಕ್ಕೆ ಇಡುತ್ತಾಳೆ. ಬಂದವರನ್ನು ತಡೆಹಿಡಿಯುವುದು ಅವಳಿಗೆ ಬರುವುದಿಲ್ಲ.

ನಾನು ನಿಮ್ಮಿಂದ ಕಲಿತಿದ್ದೇನೆ.

ಅನ್ನಪೂರ್ಣಾ