ಅರ್ಜಿಯಲ್ಲಿ ಬರೆದ ಭಾಷೆ

ಜಂಗಮವಾಡಿ, ವಾರಾಣಸಿ
ಗುರುವಾರ

ಅಕ್ಕನಿಗೆ ಈಶ್ವರನ ಶರಣು.

ನಾನು, ನಿನ್ನ ನಾದಿನಿ ಸುಭದ್ರಾ ಇಬ್ಬರೂ ಆರಾಮ. ರೈಲ್ವೆಯ ಬಡ್ತಿ ಪರೀಕ್ಷೆಗೆಂದು ಇಂಗ್ಲಿಷ್ ಡಿಕ್ಷನರಿ ಕೊಂಡೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟಾಗ ರನ್ ಅಂದರೆ ಓಡು, ಅಷ್ಟೇ ಇತ್ತು. ಇದರಲ್ಲಿ ಅಷ್ಟು ಸಣ್ಣ ಶಬ್ದಕ್ಕೆ ಒಂದೂವರೆ ಪುಟ ಅರ್ಥ. ಮೂಗು ಸೋರಿದರೂ ರನ್, ಅಂಗಡಿ ನಡೆಸಿದರೂ ರನ್, ಚುನಾವಣೆಗೆ ನಿಂತರೂ ರನ್ನೇ ಅಂತೆ! ಸೆಟ್, ಗೆಟ್ ಇನ್ನೂ ಕಷ್ಟ. ಹದಿನೈದು ದಿನ ಬಾಯಿಪಾಠ ಮಾಡಿದೆ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಎದೆಯುರಿ ಮಾತ್ರ ಬಂದು ನಿಂತಿದೆ, ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ.

ಸುಭದ್ರಾ ಕೇಳಿದಳು: "ಪರೀಕ್ಷಾ ಹಿಂದಿಯೊಳಗೂ ಬರಿಬಹುದಲ್ರೀ? ನಾಕು ವರ್ಷದಿಂದ ರಿಕ್ಷಾದವ್ರ ಕೂಡ ಹಿಂದಿಯೊಳಗ ಜಗಳಾಡ್ತೀರಿ, ಬರಿಯಾಕ ಏನ್ ಧಾಡಿ?"

ಅರ್ಜಿಯಲ್ಲಿ ಇಂಗ್ಲಿಷ್ ಎಂದು ಬರೆದವನು ನಾನೇ. ಹಿಂದಿ ಎಂದು ಬರೆದರೆ, ಇವನು ಇಲ್ಲಿಯವನೇ ಆಗಿಬಿಟ್ಟ ಎಂದುಕೊಂಡು ಸಾಹೇಬರು ಬಡ್ತಿಯ ಮೇಲೆ ನನ್ನನ್ನು ನಮ್ಮ ಊರ ಕಡೆ ಹುಬ್ಬಳ್ಳಿಗೆ ವರ್ಗ ಮಾಡಲಿಕ್ಕಿಲ್ಲ ಎಂಬ ಹೆದರಿಕೆ. ಹೇಳಿದರೆ ನಕ್ಕುಬಿಟ್ಟಳು.

"ನಾಪಾಸಾದ್ರ ಪ್ರಮೋಶನ್ನೂ ಇಲ್ಲ, ಹುಬ್ಬಳ್ಳಿನೂ ಇಲ್ಲ. ಹೋಗಿ ತಿದ್ದಿ ಬರ್ರಿ."

ತಿದ್ದಲು ಇವತ್ತೇ ಕಡೆಯ ದಿನವಾಗಿತ್ತು. ಆಫೀಸಿಗೆ ಹೋಗಿ ಇಂಗ್ಲಿಷ್ ಹೊಡೆದುಹಾಕಿ ಹಿಂದಿ ಎಂದು ಬರೆದು ಸಹಿ ಮಾಡಿದೆ. ಗುಮಾಸ್ತ ಅದನ್ನು ನೋಡಿ ಇಡೀ ಕೋಣೆಗೆ ಕೇಳುವಂತೆ, "ಅಬ್ ಪಕ್ಕಾ ಬನಾರಸಿ ಹೋ ಗಯೇ, ಭಯ್ಯಾ!" ಎಂದ; ಇನ್ನು ಪಕ್ಕಾ ಕಾಶಿಯವರೇ ಆದಿರಿ ಅಂತ. ವರ್ಗಾವಣೆಗೆ ಸಹಿ ಹಾಕುವ ಸಾಹೇಬರು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದರು. ಕೇಳಿಸಿತೋ ಏನೋ, ಮುಖ ನೋಡಿ ತಿಳಿಯಲಿಲ್ಲ.

ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ತಮ್ಮ
ಈಶ್ವರ